ಸೇನಾ ಟ್ರಕ್ಕಿನ ಬ್ಯಾಟರಿಗಳಿಗೆ ಬಿಸಿಲಿನ ಆರೈಕೆ

ಅಮೆರಿಕದ ಸೇನೆಗಾಗಿ 1950ರಿಂದ ತಯಾರಾದ ಎರಡೂವರೆ ಟನ್ನಿನ ಎಂ35 ಟ್ರಕ್ಕಿನಲ್ಲಿ 12 ವೋಲ್ಟಿನ ಎರಡು ಭಾರೀ ಬ್ಯಾಟರಿಗಳಿರುತ್ತವೆ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಕರ್ನಾಟಕದ ರಸ್ತೆಗಳಲ್ಲಿ ಓಡುವ ದೊಡ್ಡ ಲಾರಿ, ಬಸ್ಸುಗಳ ಏರ್ಪಾಡೂ ಸಾಮಾನ್ಯವಾಗಿ ಇದೇ. ಎಂ35ರ ನಂತರ ಬಂದ ಎಂ1078ರಲ್ಲಿ ಬ್ಯಾಟರಿಗಳು ನಾಲ್ಕು: ಎರಡೆರಡರ ಎರಡು ಸರಣಿಗಳು, ಆ ಎರಡೂ ಪರಸ್ಪರ ಸಮಾಂತರ. ಸೇವೆ ಮುಗಿದ ಇಂಥ ವಾಹನಗಳನ್ನು ಹರಾಜಿನಲ್ಲಿ ಕೊಂಡು ಜೋಪಾನವಾಗಿ ಇಟ್ಟುಕೊಳ್ಳುವವರು ಅಮೆರಿಕದಲ್ಲಿ ಹಲವರಿದ್ದಾರೆ. ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಿಂತ ಗಾಡಿಯಲ್ಲಿ ಮೊದಲು ಸೋಲುವುದು ಬ್ಯಾಟರಿ.

ಸೀಸ-ಆಮ್ಲದ ಬ್ಯಾಟರಿ ಯಾವ ಕೆಲಸ ಮಾಡದಿದ್ದರೂ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಇಳಿತ ತಿಂಗಳಿಗೆ ಸುಮಾರು ಶೇ. 5, ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಇಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ನಿಂತುಬಿಡುತ್ತದೆ. ಅಂಥ ಬ್ಯಾಟರಿ ಮತ್ತೆ ಪೂರ್ತಿ ಶಕ್ತಿ ಪಡೆಯುವುದು ಕಷ್ಟ.

ತನ್ನಷ್ಟಕ್ಕೆ ಆಗುವ ಈ ಸೋರಿಕೆ ತೀರ ಸಣ್ಣದಾದ್ದರಿಂದ ಅದನ್ನು ತುಂಬಲು ಸಣ್ಣ ಸೋಲಾರ್ ಪ್ಯಾನೆಲ್ ಸಾಕು. 120 ಆಂಪಿಯರ್-ಅವರ್ ಬ್ಯಾಟರಿ ತಿಂಗಳಿಗೆ 6, ಅಂದರೆ ದಿನಕ್ಕೆ 0.2 ಆಂಪಿಯರ್-ಅವರ್ ಕಳೆದುಕೊಳ್ಳುತ್ತದೆ. ಸರಣಿಯಲ್ಲಿರುವ ಎರಡಕ್ಕೂ ಹರಿಯುವುದು ಒಂದೇ ಕರೆಂಟ್. ಹಾಗಾಗಿ ಅವೆರಡಕ್ಕೂ ಅಗತ್ಯ ಅಷ್ಟೇ. ನಾಲ್ಕು ಬ್ಯಾಟರಿಗಳಿದ್ದರೆ ಎರಡು ಪಟ್ಟು. 24 ವೋಲ್ಟಿನ ಏರ್ಪಾಡಿಗೆ ತಕ್ಕ 10 ವಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಕಾಲು ಆಂಪಿಯರಿಗಿಂತ ತುಸು ಹೆಚ್ಚು ಕೊಡುತ್ತದೆ. ನಾಲ್ಕು ಗಂಟೆಯ ಬಿಸಿಲಿಗೆ ಒಂದು ಆಂಪಿಯರ್-ಅವರ್ ಸಿಕ್ಕಿತು. ಸೋರಿಕೆ ತುಂಬಿ ಮೋಡದ ದಿನಗಳಿಗೂ ಇಷ್ಟು ಸಾಲುತ್ತದೆ. ಆದರೆ ಸತ್ತ ಬ್ಯಾಟರಿಯನ್ನು ಎಬ್ಬಿಸುವ ಕೆಲಸ ಇದರದಲ್ಲ: ಈ ವೇಗದಲ್ಲಿ 120 ಆಂಪಿಯರ್-ಅವರ್ ತುಂಬಲು ನಾಲ್ಕು ತಿಂಗಳು ಬೇಕು. ಸೋಲಾರ್ ಜೋಡಿಸುವ ಮೊದಲು ಪ್ರತಿ ಬ್ಯಾಟರಿಯನ್ನೂ ಸಾಮಾನ್ಯ ಚಾರ್ಜರಿನಿಂದ ಪೂರ್ತಿ ತುಂಬಿಸಿಕೊಳ್ಳಬೇಕು.

ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. 12 ವೋಲ್ಟಿನದೆಂದು ಮಾರುವ 36 ಕೋಶಗಳ ಪ್ಯಾನೆಲ್ ಹೊರೆಯಿಲ್ಲದಾಗ 21 ವೋಲ್ಟಿನವರೆಗೂ ಏರುತ್ತದೆ. ತುಂಬಿದ ಬ್ಯಾಟರಿಯನ್ನು ಬಹುಕಾಲ ಇಡಬೇಕಾದದ್ದು ಸುಮಾರು 13.5 ವೋಲ್ಟಿನಲ್ಲಿ, ಜೋಡಿಯಾದರೆ 27ರಲ್ಲಿ. ಅದಕ್ಕಿಂತ ಮೇಲೇರಿದರೆ ನೀರು ಅನಿಲವಾಗಿ ಹೋಗುತ್ತದೆ. ರಾತ್ರಿ ಕರೆಂಟ್ ಪ್ಯಾನೆಲ್ ಕಡೆಗೆ ಹಿಂದೆ ಹರಿಯದಂತೆ ತಡೆಯುವುದೂ ಕಂಟ್ರೋಲರಿನ ಕೆಲಸವೇ.

ಸರಳ ದಾರಿಯೆಂದರೆ 24 ವೋಲ್ಟಿನ ಒಂದೇ ಕಂಟ್ರೋಲರ್. ಅದರ ಮೈನಸ್ ಚಾಸಿಗೆ ಸೇರಿದ ಕೆಳಗಿನ ಬ್ಯಾಟರಿಯ ಮೈನಸ್ಸಿಗೆ, ಪ್ಲಸ್ ಮೇಲಿನದರ ಪ್ಲಸ್ಸಿಗೆ. ಎರಡೂ ಬ್ಯಾಟರಿ ಒಂದೇ ವಯಸ್ಸಿನವಾಗಿ, ಒಂದೇ ಮಾದರಿಯವಾಗಿ, 24 ವೋಲ್ಟಿಗೆ ಮಾತ್ರ ದುಡಿಯುತ್ತಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಶುರುವಾಗುವುದು ಮಾಲೀಕರು 12 ವೋಲ್ಟಿನ ರೇಡಿಯೋವನ್ನೋ ಫೋನ್ ಚಾರ್ಜರನ್ನೋ ಕೆಳಗಿನ ಬ್ಯಾಟರಿಯೊಂದಕ್ಕೇ ಜೋಡಿಸಿದಾಗ. ಆ ಬ್ಯಾಟರಿ ಇಳಿಯುತ್ತದೆ, ಮೇಲಿನದು ತುಂಬಿಯೇ ಇರುತ್ತದೆ. ಒಂದು 12.7, ಇನ್ನೊಂದು 12.1 ಇದ್ದರೂ ಒಟ್ಟು 24.8. ಎರಡೂ ಮುಕ್ಕಾಲು ತುಂಬಿದ್ದರೂ ಮೀಟರ್ ಇಷ್ಟೇ ತೋರಿಸುತ್ತದೆ! ಕಂಟ್ರೋಲರಿಗೂ ಕಾಣುವುದು ಈ ಮೊತ್ತ ಮಾತ್ರ. ಅದು 27 ವೋಲ್ಟ್ ಕೊಡುತ್ತಿದ್ದರೆ ತುಂಬಿದ ಬ್ಯಾಟರಿ ತನ್ನ ಪಾಲಿಗಿಂತ ಹೆಚ್ಚು ವೋಲ್ಟೇಜು ಹೊತ್ತು ಒಣಗುತ್ತದೆ, ಇಳಿದದ್ದು ಹಸಿದೇ ಉಳಿಯುತ್ತದೆ. ಬಹುಬ್ಯಾಟರಿ ಗಾಡಿಯ ಅರ್ಧ ಕಷ್ಟ ಈ ಲೆಕ್ಕದಲ್ಲೇ ಅಡಗಿದೆ. ಅಂಥ ಸಾಧನಗಳಿಗೆ 24ರಿಂದ 12ಕ್ಕೆ ಇಳಿಸುವ ಪರಿವರ್ತಕವನ್ನು ಹಾಕುವುದೇ ಸರಿ.

ಇನ್ನೊಂದು ದಾರಿ ಪ್ರತಿ ಬ್ಯಾಟರಿಗೂ ತನ್ನದೇ 12 ವೋಲ್ಟಿನ ಕಂಟ್ರೋಲರ್, ತನ್ನದೇ ಪ್ಯಾನೆಲ್. ಇದು ಹೊಸ ಯೋಚನೆಯೇನಲ್ಲ. 1980ರ ದಶಕದಲ್ಲಿ ಅಮೆರಿಕದ ಸೇನೆಗೆ ಸೇರಿದ ಶೆವ್ರೊಲೆ ಪಿಕಪ್ ಎಂ1008ರಲ್ಲಿ ಸ್ಟಾರ್ಟರಿಗೆ 24 ವೋಲ್ಟ್, ದೀಪ ಮೊದಲಾದವಕ್ಕೆ 12 ವೋಲ್ಟ್ ಬೇಕಿತ್ತು. ಅದಕ್ಕೆ ಎರಡು ಬ್ಯಾಟರಿಗಳ ಜೊತೆ ಎರಡು ಆಲ್ಟರ್ನೇಟರುಗಳನ್ನೇ ಕೊಟ್ಟಿದ್ದರು.

ಪ್ರತ್ಯೇಕ ಜೋಡಣೆಯಲ್ಲಿ ಒಂದು ಅಪಾಯವಿದೆ. ಮೇಲಿನ ಬ್ಯಾಟರಿಯ ಮೈನಸ್ ಚಾಸಿಯ ಮಟ್ಟದಲ್ಲಿಲ್ಲ, ಅದಕ್ಕಿಂತ 12 ವೋಲ್ಟ್ ಮೇಲಿದೆ. ಬಹುಪಾಲು ಕಂಟ್ರೋಲರುಗಳ ಒಳಗೆ ಪ್ಯಾನೆಲಿನ ಒಂದು ತಂತಿ ನೇರವಾಗಿ ಬ್ಯಾಟರಿಯ ತಂತಿಗೆ ಸೇರಿರುತ್ತದೆ, ಕೆಲವದರಲ್ಲಿ ಮೈನಸ್, ಕೆಲವದರಲ್ಲಿ ಪ್ಲಸ್. ಮೈನಸ್ ಎಲ್ಲ ಒಂದೇ ಎಂದುಕೊಂಡು ಎರಡು ಪ್ಯಾನೆಲುಗಳ ಮೈನಸ್ಸನ್ನು ಗಂಟು ಹಾಕಿದರೆ ಮೊದಲ ಬಗೆಯಲ್ಲಿ ಕೆಳಗಿನ ಬ್ಯಾಟರಿ ಆ ಸಪೂರ ತಂತಿಯ ಮೂಲಕ ಶಾರ್ಟ್ ಆಗುತ್ತದೆ. ಪ್ಲಸ್ಸುಗಳನ್ನು ಸೇರಿಸಿದರೆ ಎರಡನೆಯ ಬಗೆಯಲ್ಲಿ ಮೇಲಿನದು. ಒಂದೇ ಪ್ಯಾನೆಲನ್ನು ಎರಡು ಕಂಟ್ರೋಲರುಗಳಿಗೆ ಹಂಚಿದರೂ ಫಲ ಇದೇ. ಎರಡು ಜೋಡಣೆಗಳೂ ಪ್ಯಾನೆಲಿನಿಂದ ಬ್ಯಾಟರಿಯವರೆಗೆ ಪೂರ್ತಿ ಬೇರೆಯಾಗಿರಬೇಕು, ಮೇಲಿನದರ ಯಾವ ತಂತಿಯೂ ಚಾಸಿಯನ್ನು ಮುಟ್ಟಬಾರದು.

ನಾಲ್ಕು ಬ್ಯಾಟರಿಗಳ ಟ್ರಕ್ಕಿನಲ್ಲಿ ಮೊದಲು ನೋಡಬೇಕಾದದ್ದು ಎರಡು ಸರಣಿಗಳ ನಡುಬಿಂದುಗಳಿಗೆ ಪರಸ್ಪರ ಕೇಬಲ್ ಇದೆಯೇ ಎಂದು. ಇದ್ದರೆ ಕೆಳಗಿನ ಜೋಡಿಗೊಂದು, ಮೇಲಿನ ಜೋಡಿಗೊಂದು, ಎರಡೇ ಕಂಟ್ರೋಲರು ಸಾಕು. ಇಲ್ಲದಿದ್ದರೆ ಬ್ಯಾಟರಿಗೊಂದರಂತೆ ನಾಲ್ಕು.

ಕಂಟ್ರೋಲರಿನ ಪ್ಲಸ್ ತಂತಿಯಲ್ಲಿ (ಪ್ರತ್ಯೇಕ ಜೋಡಣೆಯಾದರೆ ಮೇಲಿನದರ ಮೈನಸ್ ತಂತಿಯಲ್ಲೂ), ಬ್ಯಾಟರಿ ಟರ್ಮಿನಲಿಗೆ ಅಂಗೈಯಳತೆಯೊಳಗೆ, 3 ಅಥವಾ 5 ಆಂಪಿಯರಿನ ಫ್ಯೂಸ್ ಇರಬೇಕು. ದಾರಿಯಲ್ಲಿ ತಂತಿ ಉಜ್ಜಿ ಹರಿದರೆ ಬೆಂಕಿ ತಡೆಯುವುದು ಅದೊಂದೇ. ಗಾಡಿಗೆ ಮೇನ್ ಸ್ವಿಚ್ ಇದ್ದರೆ ಜೋಡಣೆ ಸ್ವಿಚ್ಚಿನ ಬ್ಯಾಟರಿ ಬದಿಯಲ್ಲಿರಬೇಕು, ಇಲ್ಲವಾದರೆ ಸ್ವಿಚ್ ಆರಿಸಿದೊಡನೆ ಸೋಲಾರ್ ಕೂಡ ಕಡಿದುಹೋಗುತ್ತದೆ. ಮತ್ತೊಂದು ಗಾಡಿಯಿಂದ ಸ್ಟಾರ್ಟ್ ಮಾಡಿಸಲು ಇಟ್ಟಿರುವ ನ್ಯಾಟೋ ಸಾಕೆಟ್ ಬ್ಯಾಟರಿಗೆ ನೇರ ಜೋಡಿಸಿದ್ದರೆ ಬಾನೆಟ್ಟು, ಪೆಟ್ಟಿಗೆ ತೆರೆಯದೆ ಅದರಲ್ಲೇ ಪ್ಲಗ್ ಹಾಕಬಹುದು. ಅದರ ನಡುಗಡ್ಡಿ ಪ್ಲಸ್, ಹೊರಗಿನ ಬಳೆ ಮೈನಸ್. ಆದರೆ ಅಲ್ಲಿ ಸಿಗುವುದು 24 ವೋಲ್ಟ್ ಮಾತ್ರ.

ಕೆಲಸಕ್ಕೆ ಮುನ್ನ ಉಂಗುರ, ಗಡಿಯಾರ ತೆಗೆದಿಟ್ಟು ಚಾಸಿಯ ಮೈನಸ್ ಕೇಬಲನ್ನು ಮೊದಲು ಬಿಚ್ಚಬೇಕು. ಈ ಬ್ಯಾಟರಿಗಳ ಎರಡು ಟರ್ಮಿನಲ್ ನಡುವೆ ಬಿದ್ದ ಸ್ಪ್ಯಾನರ್ ಕ್ಷಣದಲ್ಲಿ ಬೆಸೆದುಕೊಳ್ಳುವಷ್ಟು ಕಾಯುತ್ತದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ನಂತರ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ತಿಂಗಳ ನಂತರ ಪ್ಯಾನೆಲಿಗೆ ಬಟ್ಟೆ ಮುಚ್ಚಿ, ಒಂದು ರಾತ್ರಿ ಬಿಟ್ಟು, ಒಂದೊಂದು ಬ್ಯಾಟರಿಯನ್ನೂ ಬೇರೆಬೇರೆಯಾಗಿ ಮಲ್ಟಿಮೀಟರಿನಲ್ಲಿ ಅಳೆಯಬೇಕು. ನೀರು ಹಾಕುವ ಮಾದರಿಯಾಗಿದ್ದರೆ 12.6ರ ಆಸುಪಾಸು, ಮುಚ್ಚಿದ ಎಜಿಎಂ ಮಾದರಿಯಾಗಿದ್ದರೆ 12.8ರ ಆಸುಪಾಸು ಇದ್ದು, ಜೋಡಿಯೊಳಗೆ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಜೋಡಣೆ ತನ್ನ ಕೆಲಸ ಮಾಡುತ್ತಿದೆ.