ಕಸಕ್ಕೆ ಬೆಲೆ ಕಟ್ಟುವ ವಿಚಾರ

ಮುಖ್ಯಾಧ್ಯಾಪಿಕೆಯ ಲೇಖನವೆಂದರೆ ಶೀಲ, ಶಿಸ್ತು, ಅಭ್ಯಾಸಗಳ ವಿಷಯವಾಗಿ ನಾಲ್ಕು ಮಾತುಗಳಿರುವವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಎಣಿಸಿರಬಹುದು. ಈ ಸಲ ನಾನು ಕಸದ ವಿಷಯವಾಗಿ ಬರೆಯುವೆನು. ಐದು ಸಾವಿರ ಜನರು ಉಂಡ ಬಳಿಕ ಮಿಕ್ಕ ತುಂಡುಗಳನ್ನು ಹನ್ನೆರಡು ಪುಟ್ಟಿಗಳಲ್ಲಿ ಕೂಡಿಸಿದ ಪ್ರಸಂಗವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿದವರಿಗೆ ಈ ವಿಷಯವು ತೀರ ಪರಕೀಯವಾಗಿ ತೋರಲಾರದು.

ಊರು ಹೊಲಸಾಗಿರುವದನ್ನು ಕಂಡಾಗ ನಾವು ಜನರ ನಡತೆಯನ್ನು ಹಳಿಯುವೆವು. ಅದು ಅರ್ಧ ಸತ್ಯವು ಮಾತ್ರ. ಯಾವ ಗೃಹಿಣಿಯೂ ಹಳೆಯ ವೃತ್ತಪತ್ರಗಳನ್ನು ಬೀದಿಗೆ ಎಸೆಯುವದಿಲ್ಲ. ರದ್ದಿಯವನು ಬರುವ ತನಕ ಮಡಿಸಿ ಇಡುವಳು. ತೂತು ಬಿದ್ದ ಹಿತ್ತಾಳೆಯ ತಂಬಿಗೆಯು ಭಂಗಾರದವನ ತಕ್ಕಡಿಗೆ ಹೋಗುವದು. (ನಮ್ಮ ಸೀಮೆಯಲ್ಲಿ ಭಂಗಾರಕ್ಕೂ ಬಂಗಾರಕ್ಕೂ ಇರುವ ಅಂತರವು ಒಂದು ಉಸಿರಿನಷ್ಟೇ.) ಆದರೆ ಅದೇ ಕೈ ಚಿಪ್ಸಿನ ಖಾಲಿ ಪೊಟ್ಟಣವನ್ನು ಗಟಾರಕ್ಕೆ ಒಗೆಯುವದು. ಕೈ ಒಂದೇ, ಒಂದು ವಸ್ತುವಿಗೆ ಬೆಲೆಯುಂಟು, ಇನ್ನೊಂದಕ್ಕಿಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಬರುವ ನಮ್ಮ ಹುಡುಗಿಯರಿಗೆ ಇದನ್ನು ಕಬ್ಬಿನ ಮೂಲಕ ತಿಳಿಸುವದು ಸುಲಭ. ನೂರು ಟನ್ನು ಕಬ್ಬನ್ನು ಅರೆದರೆ ಸುಮಾರು 30 ಟನ್ನು ಹಸಿ ಸಿಪ್ಪೆಯು ಉಳಿಯುವದು. ಉಗಾರದಲ್ಲಿ 1939ರಲ್ಲಿ ಸ್ಥಾಪಿತವಾದ ಕಾರಖಾನೆಯಾಗಲಿ, ಅನಂತರ ನದೀತೀರದಲ್ಲಿ ಎದ್ದ ಇತರ ಕಾರಖಾನೆಗಳಾಗಲಿ ಈ ಸಿಪ್ಪೆಯನ್ನು ಬೀದಿಗೆ ಚೆಲ್ಲಲಿಲ್ಲ. ಅದು ಕುಲುಮೆಗೆ ಉರುವಲು. ಅದರ ಉಗಿಯಿಂದ ಇಂದು ವಿದ್ಯುತ್ತೂ ಹುಟ್ಟುವದು. ಆದರೆ ಅದೇ ಕಬ್ಬಿನ ರವದಿಗೆ ಹೊಲದಲ್ಲಿ ಬೆಂಕಿ ಹಚ್ಚುವರು, ಮಕ್ಕಳು ಕೆಮ್ಮುತ್ತ ಶಾಲೆಗೆ ಬರುವರು. ರೈತನು ಮೂರ್ಖನೆಂದು ಹೀಗಾಗುವದಿಲ್ಲ. ಸಿಪ್ಪೆಯು ಕಾರಖಾನೆಯಲ್ಲಿ ತಾನಾಗಿಯೇ ಒಂದೆಡೆ ರಾಶಿ ಬೀಳುವದು. ರವದಿಯನ್ನಾದರೋ ಎಕರೆಗಟ್ಟಲೆ ಆಯ್ದು ಕೂಡಿಸಬೇಕು, ಆ ಕೂಲಿಯು ಅದರಿಂದ ಬರುವ ಹಣಕ್ಕಿಂತ ಹೆಚ್ಚಾಗುವದು. ಕೂಡಿಸುವ ವೆಚ್ಚವನ್ನು ಬಿಟ್ಟು ಬೆಲೆಯನ್ನಷ್ಟೇ ಲೆಕ್ಕಿಸುವವರು ಇಲ್ಲಿಯೇ ತಪ್ಪುವರು.

ಬೆರಕೆಯೂ ಬೆಲೆಯನ್ನು ಕೊಲ್ಲುವದು. ನಮ್ಮ ಅಜ್ಜಂದಿರ ಕಾಲದಲ್ಲಿ ತಿಪ್ಪೆಯ ಗೊಬ್ಬರವನ್ನು ಗಾಡಿಯ ಲೆಕ್ಕದಲ್ಲಿ ಕೊಂಡು ಹೊಲಕ್ಕೆ ಒಯ್ಯುವ ರೈತರಿದ್ದರು. ಅದರಲ್ಲಿ ಪ್ಲಾಸ್ಟಿಕ್ಕೂ ಗಾಜಿನ ಚೂರೂ ಸೇರಿದ ಮೇಲೆ ಪುಕ್ಕಟೆ ಕೊಟ್ಟರೂ ಯಾರಿಗೆ ಬೇಕು? ಹಸಿ ಕಸ, ಒಣ ಕಸ, ಅಪಾಯಕರ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದ್ದರ ಮರ್ಮವು ಇದೇ.

ಇನ್ನು, ಕಸ ಹಾಕುವವರಿಂದಲೇ ಹಣ ಕೇಳಿದರೆ ಹೇಗೆ? ದಕ್ಷಿಣ ಕೊರಿಯಾ ದೇಶವು 1995ರಲ್ಲಿ ಈ ಪದ್ಧತಿಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಕಸವನ್ನು ಕ್ರಯಕ್ಕೆ ಕೊಂಡ ಗೊತ್ತಾದ ಚೀಲದಲ್ಲಿಯೇ ಹಾಕತಕ್ಕದ್ದು. ಕಾಗದ, ಗಾಜು ಮೊದಲಾದವುಗಳನ್ನು ಬೇರೆಯಾಗಿ ಕೊಟ್ಟರೆ ಹಣವಿಲ್ಲ. ಕಸವು ಬಹಳವಾಗಿ ಇಳಿಯಿತು. ಅಮೇರಿಕೆಯ ಶಾರ್ಲಟ್ಸ್‌ವಿಲ್ ಎಂಬ ಊರಿನಲ್ಲಿ 1992ರಲ್ಲಿ ಹೀಗೆಯೇ ಚೀಲಕ್ಕೆ ಹಣವಿಟ್ಟಾಗ ಕಸದ ಗಾತ್ರವು ನೂರಕ್ಕೆ 37ರಷ್ಟು ತಗ್ಗಿದರೂ ತೂಕವು ತಗ್ಗಿದ್ದು ನೂರಕ್ಕೆ 14ರಷ್ಟು ಮಾತ್ರ. ಜನರು ಕಸವನ್ನು ಒತ್ತಿ ಒತ್ತಿ ತುಂಬಿದ್ದರು! ಕೆಲವರು ಕದ್ದು ಬೇರೆಡೆ ಸುರಿದರೆಂಬ ಶಂಕೆಯೂ ಉಂಟಾಯಿತು. ಹಳ್ಳವೂ ಬಯಲೂ ಕೈಗೆಟಕುವಷ್ಟು ಸಮೀಪವಿರುವ ನಮ್ಮಲ್ಲಿ ಈ ಉಪಾಯವನ್ನು ನಾನು ಅಷ್ಟಾಗಿ ನಂಬಲಾರೆ.

ನನಗೆ ಒಪ್ಪಿಗೆಯಾದದ್ದು ಠೇವಣಿಯ ಪದ್ಧತಿ. ಗೋಲಿ ಸೋಡಾ ಕುಡಿದವರು ಬಾಟಲಿಯನ್ನು ಅಂಗಡಿಯವನಿಗೆ ಹಿಂದಿರುಗಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಈಚಿನ ಉತ್ತಮ ಉದಾಹರಣೆಯು ಮದ್ಯದ ಅಂಗಡಿಯದಾದುದರಿಂದ ಈ ಸಂಚಿಕೆಗೆ ಒಪ್ಪೀತೇ ಎಂದು ಕೊಂಚ ಅನುಮಾನಿಸಿದೆನು, ಆದರೂ ಹೇಳುವೆನು. ನೀಲಗಿರಿಯ ಕಾಡಿನಲ್ಲಿ ಒಡೆದ ಬಾಟಲಿಗಳು ವನ್ಯಮೃಗಗಳ ಕಾಲಿಗೆ ಚುಚ್ಚುತ್ತಿದ್ದವು. ಮದರಾಸ ಉಚ್ಚ ನ್ಯಾಯಾಲಯವು ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ 2022ರಲ್ಲಿ ಅಲ್ಲಿಯ ಸರಕಾರಿ ಅಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿಯು ಮರಳಿದಾಗ ಅದನ್ನು ಮರಳಿ ಕೊಡಹತ್ತಿದವು. ಬಹುಪಾಲು ಬಾಟಲಿಗಳು ಹಿಂದಿರುಗಿದವು. ಉಪದೇಶದಿಂದ ಸಾಧ್ಯವಾಗದ್ದು ಹತ್ತು ರೂಪಾಯಿಯಿಂದ ಸಾಧ್ಯವಾಯಿತೆಂದು ಶಿಕ್ಷಕಿಯಾದ ನಾನು ಒಪ್ಪಿಕೊಳ್ಳುವದು ತುಸು ಕಷ್ಟವೇ ಸರಿ.

ಇದನ್ನೋದಿ ನಮ್ಮ ಸ್ನೇಹಸಮ್ಮೇಳನದ ಅಂಗಡಿಯಲ್ಲಿ ನೀರಿನ ಬಾಟಲಿಗೆ 5 ರೂಪಾಯಿ ಠೇವಣಿಯಿಟ್ಟೆವು. ಸಂಜೆಗೆ ನೋಡಿದರೆ ನಾವು ಮಾರಿದ್ದಕ್ಕಿಂತ ಹೆಚ್ಚು ಬಾಟಲಿಗಳು ಮರಳಿ ಬಂದಿದ್ದವು! ಜಾಣೆಯರು ಬಸ್ ನಿಲ್ದಾಣದಿಂದಲೂ ಆಯ್ದು ತಂದಿದ್ದರು. ಮರುದಿನ ಪ್ರತಿಯೊಂದಕ್ಕೂ ಬಣ್ಣದ ಗುರುತು ಹಾಕಿದೆವು, ಲೆಕ್ಕ ಸರಿಯಾಯಿತು. ಪದ್ಧತಿಯು ಚೆನ್ನಾಗಿ ನಡೆಯಿತೆಂದು ಹಿಗ್ಗಿ, ಶಾಲೆಯ ದಿನಗಳಲ್ಲಿಯೂ ಮುಂದುವರಿಸಿದೆವು.

ಕೆಲವು ವಾರಗಳಲ್ಲಿ ಬೇರೊಂದು ಸಂಗತಿಯು ಕಣ್ಣಿಗೆ ಬಿತ್ತು. ಏಳನೆಯ ಇಯತ್ತೆಯ ಒಬ್ಬ ಬಡ ಹುಡುಗಿಯು ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೂ ಬಾಕುಗಳ ಕೆಳಗೆ ಬಾಟಲಿ ಹುಡುಕುತ್ತಿದ್ದಳು. ಐದು ರೂಪಾಯಿಯ ಪರಿವೆಯಿಲ್ಲದ ಗೆಳತಿಯರು ಬೇಕೆಂತಲೇ ಅವಳತ್ತ ಬಾಟಲಿಯನ್ನು ಉರುಳಿಸಿ ನಗುತ್ತಿದ್ದರು. ಅಂಗಳವು ಸ್ವಚ್ಛವಾಗಿತ್ತು ನಿಜ. ಆದರೆ ಒಬ್ಬಳ ಗಣಿತದ ತಾಸು ಅದಕ್ಕೆ ಬೆಲೆಯಾಗಿ ಹೋಗುತ್ತಿತ್ತು. ಅದನ್ನು ತಡವಾಗಿ ಕಂಡ ದೋಷವು ನನ್ನದು. ಅಂದಿನಿಂದ ಪ್ರತಿಯೊಬ್ಬಳ ಹೆಸರನ್ನು ಬಾಟಲಿಯ ಮೇಲೆ ಬರೆದು, ತಂದವಳೇ ತನ್ನದನ್ನು ಒಪ್ಪಿಸಬೇಕೆಂದು ಕಟ್ಟಳೆ ಮಾಡಿದೆವು. ಒಪ್ಪಿಸದವಳ ಹಣವು ಪುಸ್ತಕನಿಧಿಗೆ ಸೇರುವದು. ಆ ಹುಡುಗಿಯ ಪಟ್ಟಿ ಪುಸ್ತಕಗಳಿಗೆ ಆ ನಿಧಿಯಿಂದಲೇ ಏರ್ಪಾಡಾಯಿತು.

ಊರಿನ ಮಟ್ಟದಲ್ಲಿಯೂ ಇದೇ ಪ್ರಶ್ನೆಯು. ಆಯುವವರಿಗೆ ಕಾಸು ಸಿಕ್ಕರೆ ಸಾಲದು, ಮಾನವೂ ಸಿಗಬೇಕು. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಅಂದಿನ ಮಹಾನಗರ ಪಾಲಿಕೆಯಿಂದ ಗುರುತಿನ ಚೀಟಿಗಳು ದೊರೆತವು. ಹಸಿರು ದಳವೆಂಬ ಸಂಸ್ಥೆಯ ನೆರವಿನಿಂದ ಅವರಲ್ಲಿ ಹಲವರು ಒಣ ಕಸದ ಕೇಂದ್ರಗಳನ್ನು ನಡೆಸುವರು. ಚೀಲ ಹೊತ್ತವಳನ್ನು ಕಳ್ಳಿಯೆಂದು ತಡೆಯುವ ಬೀದಿಯಲ್ಲಿ ಆ ಚೀಟಿಗೆ ಎಷ್ಟು ಬೆಲೆಯೆಂಬದನ್ನು ತಾಯಂದಿರು ಊಹಿಸಬಲ್ಲರು.

ಉಳಿದದ್ದು ಚಿಪ್ಸಿನ ಆ ಪೊಟ್ಟಣ. ಪದರ ಪದರವಾದ ಅದನ್ನು ಭಂಗಾರದವನು ಮುಟ್ಟುವದಿಲ್ಲ. ಅದನ್ನು ಮರಳಿ ಕೂಡಿಸುವ ಹೊಣೆಯನ್ನು 2016ರ ಪ್ಲಾಸ್ಟಿಕ್ ನಿಯಮಗಳು ತಯಾರಿಸುವವರ ಮೇಲೆ ಹೊರಿಸಿರುವವು. ಆದರೆ ನಿಪ್ಪಾಣಿಯ ಹೆದ್ದಾರಿಯ ಬದಿಯನ್ನು ಕಂಡವರಿಗೆ ಆ ಹೊಣೆಯು ಇನ್ನೂ ಎಷ್ಟು ಬಾಕಿಯಿರುವದೆಂದು ತಿಳಿಯುವದು. ಈ ವರುಷದ ಸಮ್ಮೇಳನದಲ್ಲಿ ನಮ್ಮ ಅಂಗಡಿಯು ಅದನ್ನು ಮಾರುವದಿಲ್ಲ. ಚುರುಮುರಿಯೂ ಶೇಂಗಾ ಹೋಳಿಗೆಯೂ ಕಾಗದದ ಪೊಟ್ಟಣದಲ್ಲಿ ದೊರೆಯುವವು. ಮನೆಯಿಂದ ತಿಂಡಿ ಕಳುಹಿಸುವ ಪಾಲಕರು ಡಬ್ಬಿಯಲ್ಲಿಯೇ ಕಳುಹಿಸಬೇಕಾಗಿ ವಿನಂತಿ.