ಟ್ರಯಾಂಗಲ್ ಒಳಗೆ ಅಡಗಿರೋ ಇಂಟೆಗ್ರಲ್

ಇವತ್ತು ಶುರು ಮಾಡೋಕೆ ಮುಂಚೆ ಒಂದು ಪೆನ್ನು, ಒಂದು ಹಾಳೆ ತಗೊಳ್ಳಿ. ಬಸ್ಸಲ್ಲಿ ನಿಂತಿದ್ದೀರಾ? ಹಾಗಾದ್ರೆ ಫೋನಿನಲ್ಲೇ ಟೈಪ್ ಮಾಡಿ. ಯಾಕಂದ್ರೆ ಇವತ್ತಿನ ವಿಷಯ ಕಿವಿಗೆ ಸಿಗಲ್ಲ, ಕಣ್ಣಿಗೆ ಮಾತ್ರ ಸಿಗುತ್ತೆ.

ಲಿಸನ್, ಸೈಲೆಂಟ್. ಈ ಎರಡು ಇಂಗ್ಲಿಷ್ ಪದ ಕೇಳಿದ್ರೆ ಒಂದಕ್ಕೊಂದು ನೆಂಟಸ್ತನ ಇದೆ ಅನ್ಸುತ್ತಾ? ಇಲ್ಲ. ಈಗ ಸ್ಪೆಲಿಂಗ್ ಬರೆದು ನೋಡಿ. ಎರಡರಲ್ಲೂ ಅದೇ ಆರು ಅಕ್ಷರ: ಎಲ್, ಐ, ಎಸ್, ಟಿ, ಇ, ಎನ್. ಲಿಸನ್ ಒಳಗೂ ಒಂದು ಟಿ ಕೂತಿದೆ, ಬಾಯಿಗೆ ಬರಲ್ಲ ಅಷ್ಟೆ. ಹೀಗೆ ಒಂದೇ ಅಕ್ಷರಗಳನ್ನು ಅದಲುಬದಲು ಮಾಡಿದಾಗ ಸಿಗುವ ಪದಗಳಿಗೆ ಅನಾಗ್ರಾಮ್ ಅಂತ ಹೆಸರು.

ನನಗೆ ಇವುಗಳ ಪರಿಚಯ ಆಗಿದ್ದು ಆಟದಲ್ಲಲ್ಲ, ಕೆಲಸದ ಇಂಟರ್‌ವ್ಯೂನಲ್ಲಿ. ಪ್ರಶ್ನೆ ಇಷ್ಟೇ: ಪದಗಳ ಒಂದು ಪಟ್ಟಿ ಕೊಡ್ತೀವಿ, ಒಂದೇ ಅಕ್ಷರಗಳಿರೋ ಪದಗಳನ್ನು ಗುಂಪು ಮಾಡೋ ಪ್ರೋಗ್ರಾಂ ಬರೀರಿ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷ್ ಪದಗಳ ಪಟ್ಟಿ ನೋಡಿದ್ದೇ ಕೈ ತಣ್ಣಗಾಯ್ತು. ಅರ್ಧಕ್ಕರ್ಧ ಪದಗಳ ಅರ್ಥ ಗೊತ್ತಿಲ್ಲ. ಆದರೂ ಧೈರ್ಯ ಮಾಡಿ ಬರೆದೆ: ಒಂದು ಪದ ತಗೋ, ಅದರ ಅಕ್ಷರಗಳನ್ನು ಎಷ್ಟು ಥರ ಜೋಡಿಸಬಹುದೋ ಅಷ್ಟೂ ಥರ ಜೋಡಿಸು, ಪಟ್ಟಿಯಲ್ಲಿ ಇದೆಯಾ ನೋಡು.

ಮೂರು ಅಕ್ಷರದ ಪದಕ್ಕೆ ಇದು ಓಡುತ್ತೆ, ಆರೇ ಜೋಡಣೆ. ಆದ್ರೆ ಅವರು ಕೊಟ್ಟಿದ್ದು ಟ್ರಯಾಂಗಲ್. ಎಂಟೂ ಬೇರೆ ಬೇರೆ ಅಕ್ಷರ, 40,320 ಜೋಡಣೆ. ಅಕ್ಷರ ಹನ್ನೆರಡಾದ್ರೆ 47 ಕೋಟಿ ದಾಟುತ್ತೆ. ಎದುರಿಗಿದ್ದವರು ನಕ್ಕರು, ನಾನು ಎದ್ದು ಬಂದೆ. ಮನೆಯಲ್ಲಿ "ಇಂಗ್ಲಿಷ್ ಸಾಲಲಿಲ್ಲ" ಅಂದೆ. ನಾನೂ ಹಾಗೇ ನಂಬಿದ್ದೆ, ಸುಮಾರು ದಿನ.

ಉತ್ತರ ಗೊತ್ತಾದಾಗ ಮಾತ್ರ ಹಣೆ ಚಚ್ಕೊಂಡೆ. ಪದವನ್ನು ಕೆದಕೋದೇ ಬೇಡ. ಅದರ ಅಕ್ಷರಗಳನ್ನು ಎ, ಬಿ, ಸಿ, ಡಿ ಕ್ರಮಕ್ಕೆ ತನ್ನಿ, ಸಾಕು. ಸ್ಟಾಪ್ ತಗೊಳ್ಳಿ: ಒ, ಪಿ, ಎಸ್, ಟಿ. ಪೋಸ್ಟ್ ತಗೊಳ್ಳಿ: ಅದೂ ಒ, ಪಿ, ಎಸ್, ಟಿ. ಸ್ಪಾಟ್, ಪಾಟ್ಸ್, ಟಾಪ್ಸ್, ಎಲ್ಲವೂ ಅದೇ. ಆ ನಾಲ್ಕು ಅಕ್ಷರವನ್ನು ಚೀಟಿಯಲ್ಲಿ ಬರೆದು ಡಬ್ಬಿ ಮೇಲೆ ಅಂಟಿಸಿ. ಯಾವ ಪದದ ಚೀಟಿ ಹೊಂದುತ್ತೋ ಅದನ್ನು ಒಳಗೆ ಹಾಕಿ. ಪಟ್ಟಿಯನ್ನು ಒಂದೇ ಸಲ ಓದಿದ್ರೆ ಕೆಲಸ ಮುಗೀತು. ಟ್ರಯಾಂಗಲ್ ಡಬ್ಬಿ ತೆರೆದರೆ ಒಳಗೆ ಇಂಟೆಗ್ರಲ್, ರಿಲೇಟಿಂಗ್, ಆಲ್ಟರಿಂಗ್, ಅಲರ್ಟಿಂಗ್. ಪಿಯುಸಿ ಗಣಿತದಲ್ಲಿ ಎರಡು ವರ್ಷ ಟ್ರಯಾಂಗಲ್, ಇಂಟೆಗ್ರಲ್ ಎರಡನ್ನೂ ಬರೆದಿದ್ದೆ. ಒಂದು ದಿನವೂ ಕಂಡಿರಲಿಲ್ಲ!

ಗಮನಿಸಿದ್ರಾ, ಇಲ್ಲಿ ಒಂದು ಪದದ ಅರ್ಥವೂ ಬೇಕಾಗಲಿಲ್ಲ. ಬೇಕಾಗಿದ್ದು ಎ ಬಿ ಸಿ ಡಿ ಮಾತ್ರ.

ಜಾನ್ ಬೆಂಟ್ಲಿ ಅನ್ನೋರು 1986ರ 'ಪ್ರೋಗ್ರಾಮಿಂಗ್ ಪರ್ಲ್ಸ್' ಪುಸ್ತಕದಲ್ಲಿ ಈ ಉಪಾಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಹಾಗಂತ ಅಕ್ಷರಗಳನ್ನು ಕ್ರಮಕ್ಕೆ ತರೋದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಸ್ಪ್ರಿಂಗ್ ಜಗ್ಗಿಸೋ ಹುಕ್ ನಿಯಮ ಓದಿದ್ದೀರಲ್ಲ? ಇಂಗ್ಲೆಂಡಿನ ರಾಬರ್ಟ್ ಹುಕ್ 1676ರಲ್ಲಿ ಆ ನಿಯಮವನ್ನು ನೇರವಾಗಿ ಹೇಳಲಿಲ್ಲ. ಅದರ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದು, ನಾಳೆ ಯಾರಾದ್ರೂ ತಕರಾರು ತೆಗೆದ್ರೆ "ಮೊದಲು ಕಂಡಿದ್ದು ನಾನು" ಅನ್ನೋಕೂ ಬರಬೇಕು. 1678ರಲ್ಲಿ ಗುಟ್ಟು ಬಿಟ್ಟುಕೊಟ್ಟ: ಹಿಗ್ಗಿದಷ್ಟೂ ಬಲ. ಆಸಾಮಿ ಜಾಣ.

ಕೆಲವರು ಅಕ್ಷರಗಳಿಗೆ ನಂಬರ್ ಕೊಟ್ಟು ಕೂಡೋಣ ಅಂತಾರೆ. ಎ ಅಂದ್ರೆ 1, ಬಿ ಅಂದ್ರೆ 2, ಹೀಗೆ. ಆಗ ಟೀ 26 ಆಗುತ್ತೆ. ಡಾಗ್ ಕೂಡ 26! ಟೀ ಲೋಟದೊಳಗೆ ನಾಯಿ ಬಂತು. ಇದಕ್ಕೂ ಒಂದು ಪರಿಹಾರ ಇದೆ: 2, 3, 5, 7 ಥರ ಅವಿಭಾಜ್ಯ ಸಂಖ್ಯೆಗಳನ್ನು ಕೊಟ್ಟು ಗುಣಿಸಿ. ಎ 2, ಇ 11, ಟಿ 71 ಆದ್ರೆ ಟೀ 1562. ಈಟ್, ಏಟ್ ಪದಗಳೂ 1562. ಬೇರೆ ಅಕ್ಷರಗಳಿಂದ ಆ ಸಂಖ್ಯೆ ಬರೋಕೆ ಸಾಧ್ಯವೇ ಇಲ್ಲ. ಪದ ಉದ್ದ ಆದ್ರೆ ಸಂಖ್ಯೆ ರಾಕ್ಷಸನ ಥರ ಬೆಳೆಯುತ್ತೆ, ಅದೊಂದೇ ಕಾಟ.

ಹಾಗಾದ್ರೆ ಕನ್ನಡದಲ್ಲಿ? ನಾನು ಈ ಪ್ರೋಗ್ರಾಂಗೆ ಕನ್ನಡ ಪದಗಳನ್ನೂ ಕೊಟ್ಟು ನೋಡಿದೆ. ನದಿ, ದಿನ ಒಂದೇ ಡಬ್ಬಿಗೆ ಬಿದ್ದವು. ಸರಿ, ಎರಡರಲ್ಲೂ ಇರೋದು ನ ಮತ್ತು ದಿ. ಆದ್ರೆ ಹಿಂದೆಯೇ ದನಿ ಕೂಡ ಅದೇ ಡಬ್ಬಿಗೆ ಬಿತ್ತು! ನಮ್ಮ ಕಣ್ಣಿಗೆ ಅದು ದ ಮತ್ತು ನಿ, ಬೇರೆ ಅಕ್ಷರಗಳೇ. ಕಂಪ್ಯೂಟರ್ ಮಾತ್ರ ಗುಡಿಸನ್ನು ಬೇರೆ ಚಿಹ್ನೆ ಅಂತ ಲೆಕ್ಕ ಹಾಕುತ್ತೆ. ಅದಕ್ಕೆ ಮೂರೂ ಪದ ದ, ನ, ಒಂದು ಗುಡಿಸು. ಕನ್ನಡಕ್ಕೆ ಈ ಪ್ರೋಗ್ರಾಂ ಬೇಕಂದ್ರೆ ಮೊದಲು ಗುಡಿಸನ್ನು ಅದರ ವ್ಯಂಜನಕ್ಕೆ ಅಂಟಿಸಬೇಕು, ಆಮೇಲೆ ಕ್ರಮಕ್ಕೆ ತರಬೇಕು. ಒತ್ತಕ್ಷರಕ್ಕೂ ಅಷ್ಟೆ. ಇದನ್ನ ಸರಿ ಮಾಡೋಕೆ ನನಗೆ ಒಂದು ಭಾನುವಾರ ಪೂರ್ತಿ ಬೇಕಾಯ್ತು. ಆ ಇಂಟರ್‌ವ್ಯೂನಲ್ಲಿ ನಕ್ಕವರಿಗೆ ಈ ಪ್ರಶ್ನೆ ಕೇಳಬೇಕು ಅಂತ ಆಸೆ ಇದೆ, ಬಿಡಿ.

ಈಗ ನಿಮ್ಮ ಸರದಿ. ಎ, ಇ, ಎಲ್, ಎಸ್, ಟಿ. ಐದೂ ಅಕ್ಷರ ಬಳಸಿ ಎಷ್ಟು ಇಂಗ್ಲಿಷ್ ಪದ ಸಿಗುತ್ತೆ ಹುಡುಕಿ. ಒಂದನ್ನ ನಾನೇ ಕೊಡ್ತೀನಿ: ಸ್ಲೇಟ್. ನಾನು ಅ, ಆ, ಇ, ಈ ತಿದ್ದಿದ್ದು ಅದರ ಮೇಲೇ. ಇನ್ನೂ ನಾಲ್ಕಾದ್ರೂ ಇವೆ.