ಬ್ರಿಟನ್ನಿನಲ್ಲಿ ನೆಲೆಸಿದ ಚೀನೀಯರ ಹಬ್ಬಗಳು

ನಮ್ಮ ಶಾಲೆಯಲ್ಲಿ ಓದಿ, ದಾದಿಯ ವಿದ್ಯೆಯನ್ನು ಕಲಿತು, ಈಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಒಂದು ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಕಾಗದ ಬರೆದಿರುವಳು. ಅಲ್ಲಿಯ ಚೀನೀಯರು ತಮ್ಮ ಹೊಸ ವರುಷವನ್ನು ಕೊಂಡಾಡಿದ ಆದಿತ್ಯವಾರ ಆಕೆಗೆ ಕೆಲಸದಿಂದ ಬಿಡುವಿತ್ತು. ಕೊರೆಯುವ ಚಳಿಯಲ್ಲಿ ನೆಲ್ಸನ್ ಬೀದಿಗೆ ಹೋಗಿ, ಅಲ್ಲಿಯ ಬಣ್ಣಬಣ್ಣದ ಮಹಾದ್ವಾರದ ಬಳಿಯಲ್ಲಿ ನಿಂತು, ಡೋಲು ತಾಳಗಳ ಶಬ್ದಕ್ಕೆ ಕುಣಿಯುವ ಬಟ್ಟೆಯ ಸಿಂಹವನ್ನು ನೋಡಿದಳಂತೆ. ಪಕ್ಕದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಮಾತಿನಲ್ಲಿ ಅಪ್ಪಟ ಲಿವರ್‌ಪೂಲಿನವಳು. ಸಿಂಹವು ಆಕೆಯ ಮುಂದೆ ತಲೆಬಾಗಿದಾಗ ಆಕೆ ಕಣ್ಣೊರಸಿಕೊಂಡು, "ನಮ್ಮ ತಂದೆ ಚೀನದವರು; ಅವರ ಮುಖ ನನಗೆ ನೆನಪಿಲ್ಲ" ಎಂದಳು.

"ಅಮ್ಮನವರೇ, ಇಷ್ಟು ಸಂಭ್ರಮದ ದಿನದಲ್ಲಿ ಆಕೆ ಅತ್ತದ್ದೇಕೆ? ಕೇಳುವದಕ್ಕೆ ನನಗೆ ಬಾಯಿ ಬರಲಿಲ್ಲ" ಎಂದು ನಮ್ಮ ಹುಡುಗಿ ಬರೆದಿರುವಳು. ಆ ಮುದುಕಿಯ ಚರಿತ್ರೆಯನ್ನು ನಾವು ಅರಿಯೆವು. ಆದರೆ ಆಕೆಯ ನಗರದ ಚರಿತ್ರೆ ತಿಳಿದಿರುವದರಿಂದ, ಅದನ್ನು ಇಲ್ಲಿ ಬರೆಯುವದು ಯುಕ್ತವೆಂದು ಎಣಿಸಿದೆವು. ಯಾಕಂದರೆ ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಕಡಲಾಚೆ ಸಂಸಾರ ಹೂಡಿರುವರು. ಪರದೇಶದಲ್ಲಿ ಒಂದು ಜನಾಂಗವು ಹಬ್ಬವನ್ನು ಏಕೆ ಆಚರಿಸುವದೆಂಬುದು ಅವರಿಗೂ ಅವರ ತಾಯಿತಂದೆಗಳಿಗೂ ಸಂಬಂಧಪಟ್ಟ ವಿಷಯವೇ ಸರಿ.

ಮೊದಲು ಹಬ್ಬವನ್ನು ಕುರಿತು ಹೇಳುವೆವು. ಚೀನೀಯರ ಹೊಸ ವರುಷವು ಜನವರಿ ೨೧ಕ್ಕೂ ಫೆಬ್ರುವರಿ ೨೦ಕ್ಕೂ ನಡುವಣ ಒಂದು ಅಮಾವಾಸ್ಯೆಯಂದು ಬರುವದು. ಅವರ ಪಂಚಾಂಗವು ನಮ್ಮ ಯುಗಾದಿಯ ಪಂಚಾಂಗದ ಹಾಗೆ ತಿಂಗಳನ್ನು ಚಂದ್ರನಿಂದಲೂ ವರುಷವನ್ನು ಸೂರ್ಯನಿಂದಲೂ ಎಣಿಸುವದು. ಎರಡನ್ನೂ ಹೊಂದಿಸುವದಕ್ಕಾಗಿ ೧೯ ವರುಷಗಳಲ್ಲಿ ೭ ಅಧಿಕ ಮಾಸಗಳನ್ನು ಸೇರಿಸುವರು. ಹನ್ನೆರಡು ಪ್ರಾಣಿಗಳು ಸರದಿಯಂತೆ ಒಂದೊಂದು ವರುಷಕ್ಕೆ ಹೆಸರು ಕೊಡುವವು. ೨೦೨೪ರಲ್ಲಿ ಆರಂಭವಾದದ್ದು ಮಹಾಸರ್ಪದ ವರುಷ, ೨೦೨೫ರಲ್ಲಿ ಹಾವಿನ ವರುಷ. ಹಬ್ಬದ ಹದಿನೈದನೆಯ ದಿನವಾದ ಹುಣ್ಣಿಮೆಯಂದು ದೀಪಗಳನ್ನು ತೂಗಹಾಕಿ ಉತ್ಸವವನ್ನು ಮುಗಿಸುವರು. ಬ್ರಿಟನ್ನಿನಲ್ಲಿ ಆ ದಿನಗಳಿಗೆ ಸರಕಾರಿ ರಜೆ ಇಲ್ಲದ ಕಾರಣ ಮನೆಯ ಊಟವು ಸರಿಯಾದ ತಿಥಿಗೆ ನಡೆದರೂ, ಬೀದಿಯ ಮೆರವಣಿಗೆಯು ಹತ್ತಿರದ ಆದಿತ್ಯವಾರಕ್ಕೆ ಸರಿಯುವದು. ಲಂಡನ್ನಿನಲ್ಲಿ ಸೋಹೋ ಭಾಗದ ಜೆರಾರ್ಡ್ ಬೀದಿಯಿಂದ ಟ್ರಾಫಾಲ್ಗರ್ ಚೌಕದ ವರೆಗೆ ಜನರು ಲಕ್ಷಗಟ್ಟಲೆ ಕೂಡುವರು. ಮ್ಯಾಂಚೆಸ್ಟರಿನಲ್ಲಿ ೧೯೮೭ರಲ್ಲಿಯೂ ನ್ಯೂಕ್ಯಾಸಲಿನಲ್ಲಿ ೨೦೦೫ರಲ್ಲಿಯೂ ಚೀನೀ ದ್ವಾರಗಳನ್ನು ಕಟ್ಟಿರುವರು. ಲಿವರ್‌ಪೂಲಿನ ದ್ವಾರವು ೨೦೦೦ದಲ್ಲಿ, ಆ ನಗರದೊಡನೆ ಸಖ್ಯ ಬೆಳೆಸಿದ ಶಾಂಘಾಯಿಯ ಶಿಲ್ಪಿಗಳ ಕೈಯಿಂದ ಎದ್ದಿತು. ಅದರ ಎತ್ತರವು ಹದಿಮೂರೂವರೆ ಮೀಟರು.

ಸಿಂಹದ ಕುಣಿತವು ಮಕ್ಕಳಿಗೆ ಬಹು ಪ್ರಿಯವಾದದ್ದು. ಒಬ್ಬನು ಬಿದಿರು ಕಾಗದಗಳಿಂದ ಮಾಡಿದ ತಲೆಯನ್ನು ಎತ್ತಿ ಹಿಡಿದು ಅದರ ಕಣ್ಣುರೆಪ್ಪೆಗಳನ್ನೂ ಬಾಯಿಯನ್ನೂ ಆಡಿಸುವನು. ಇನ್ನೊಬ್ಬನು ಬೆನ್ನು ಬಾಗಿಸಿ ಹಿಂಭಾಗವಾಗುವನು. ಹೊಸ ಸಿಂಹವಾದರೆ ಗೌರವಸ್ಥರೊಬ್ಬರು ಕೆಂಪು ಬಣ್ಣದಿಂದ ಅದರ ಕಣ್ಣಿಗೆ ಬೊಟ್ಟಿಟ್ಟ ಮೇಲೆಯೇ ಅದು ಎಚ್ಚತ್ತಿತೆಂದು ಭಾವಿಸುವರು. ಅಂಗಡಿಯವರು ಬಾಗಲಿನ ಮೇಲೆ ಲೆಟಿಸ್ ಎಂಬ ಸೊಪ್ಪನ್ನೂ ಹಣವಿಟ್ಟ ಕೆಂಪು ಲಕೋಟೆಯನ್ನೂ ಕಟ್ಟಿರುವರು. ಸಿಂಹವು ಹಾರಿ ಅದನ್ನು ಕಿತ್ತು, ಸೊಪ್ಪನ್ನು ಅಗಿದ ಹಾಗೆ ಮಾಡಿ ಜನರ ಮೇಲೆ ಉಗುಳುವದು. ಹೊರಗಿನವನಿಗೆ ಇದು ಬರಿಯ ಚೇಷ್ಟೆಯಾಗಿ ತೋರೀತು. ಆದರೆ ಕ್ಯಾಂಟನ್ ಸೀಮೆಯ ಭಾಷೆಯಲ್ಲಿ ಆ ಸೊಪ್ಪಿನ ಹೆಸರು ಸಂಪತ್ತು ಹುಟ್ಟುವದೆಂಬ ಮಾತಿನಂತೆ ಕೇಳುವದು; ಉಗುಳಿದ ಎಲೆಯು ಎಲ್ಲರಿಗೂ ಹಂಚಿದ ಶುಭ. ಊಟದಲ್ಲಿ ಮೀನನ್ನು ಇಡುವದೂ ಹೀಗೆಯೇ. ಮೀನೆಂಬ ಶಬ್ದವು ಸಮೃದ್ಧಿಯೆಂಬ ಶಬ್ದದಂತೆ ಕೇಳುವದು. ಭಾಷೆಯನ್ನು ಮರೆತ ಮೊಮ್ಮಗುವಿಗೆ ಸೊಪ್ಪು ಸೊಪ್ಪಾಗಿಯೂ ಮೀನು ಮೀನಾಗಿಯೂ ಉಳಿಯುವದಲ್ಲದೆ ಅದರೊಳಗಿನ ಮಾತು ಕಿವಿಗೆ ಬೀಳದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಜನರು ಅಲ್ಲಿಗೆ ಬಂದ ಬಗೆ ಹೇಗೆ? ಚೀನದಿಂದ ಬಂದ ಒಬ್ಬಿಬ್ಬರು ಪಂಡಿತರನ್ನು ಆ ದೇಶವು ಬಹು ಹಿಂದೆಯೇ ಕಂಡಿತ್ತು. ೧೬೮೭ರಲ್ಲಿ ಷೆನ್ ಫುತ್ಸುಂಗ್ ಎಂಬ ಕ್ರೈಸ್ತ ವಿದ್ವಾಂಸನು ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಾಲಯದ ಚೀನೀ ಗ್ರಂಥಗಳನ್ನು ಗುರುತಿಸಿಕೊಟ್ಟನು. ಅವನ ಭಾವಚಿತ್ರವನ್ನು ಅದೇ ವರುಷದಲ್ಲಿ ನೆಲ್ಲರ್ ಎಂಬ ಚಿತ್ರಕಾರನು ಬರೆದನು. ಆದರೆ ಬಡ ಜನರು ನೆಲೆಸಿದ್ದು ಹಡಗುಗಳ ಮೂಲಕ. ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ ಕಂಪೆನಿಯು ೧೮೬೬ರಲ್ಲಿ ಚೀನಕ್ಕೆ ಉಗಿಹಡಗುಗಳನ್ನು ನಡಿಸತೊಡಗಿತು. ಅದರಲ್ಲಿ ದುಡಿದ ಖಲಾಸಿಗಳಲ್ಲಿ ಕೆಲವರು ರೇವಿನ ಹತ್ತಿರದ ಪಿಟ್ ಬೀದಿಯ ಸುತ್ತ ಬಿಡಾರ ಹೂಡಿದರು. ಹೀಗೆ ಯುರೋಪಿನಲ್ಲಿಯೇ ಹಳೆಯದಾದ ಚೀನೀ ಕೇರಿ ಅಲ್ಲಿ ಹುಟ್ಟಿತು. ಲಂಡನ್ನಿನಲ್ಲಿ ಅಂಥದೇ ಕೇರಿಯು ಲೈಮ್‌ಹೌಸ್ ಎಂಬ ರೇವಿನ ಭಾಗದಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ಅದು ಬಹಳ ಹಾಳಾಯಿತು. ಯುದ್ಧದ ತರುವಾಯ ಹಾಂಗ್‌ಕಾಂಗಿನ ಹಳ್ಳಿಗಳಲ್ಲಿ ಬತ್ತದ ಬೇಸಾಯವು ಲಾಭ ಕೊಡದೆ ಹೋದದ್ದರಿಂದ, ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಒಕ್ಕಲಿಗರು ಹಡಗು ಹತ್ತಿ ಬಂದು ಊಟದ ಅಂಗಡಿಗಳನ್ನು ತೆರೆದರು. ಜೆರಾರ್ಡ್ ಬೀದಿಯ ಕೇರಿಯು ಬೆಳೆದದ್ದು ಆಗಲೇ. ೨೦೨೧ರ ಜನಗಣತಿಯಲ್ಲಿ ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ತಮ್ಮನ್ನು ಚೀನೀಯರೆಂದು ಬರೆಸಿದವರು ಸುಮಾರು ೪,೪೫,೦೦೦. ಅದೇ ವರುಷದ ಜನವರಿ ೩೧ರಿಂದ ಹಾಂಗ್‌ಕಾಂಗಿನ ಜನರಿಗೆ ಹೊಸ ರಹದಾರಿಯ ಮಾರ್ಗವು ತೆರೆದ ಮೇಲೆ ಇನ್ನೂ ಒಂದು ಲಕ್ಷಕ್ಕೆ ಮಿಕ್ಕ ಜನರು ಬಂದು ಸೇರಿರುವರು.

ಈಗ ಮುದುಕಿಯ ಕಣ್ಣೀರಿನ ವಿಷಯಕ್ಕೆ ಬರುವೆವು. ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಮಂದಿ ಚೀನೀ ಖಲಾಸಿಗಳು ಲಿವರ್‌ಪೂಲಿನಿಂದ ಬ್ರಿಟಿಷ್ ಹಡಗುಗಳಲ್ಲಿ ದುಡಿದರು. ಶತ್ರುಗಳು ಹಡಗುಗಳನ್ನು ಮುಳುಗಿಸುತ್ತಿದ್ದ ಆ ಕಾಲದಲ್ಲಿ ಅಪಾಯವು ಎಲ್ಲರಿಗೂ ಒಂದೇ ಆಗಿದ್ದರೂ ಸಂಬಳವು ಒಂದೇ ಆಗಿರಲಿಲ್ಲ. ೧೯೪೨ರಲ್ಲಿ ಅವರು ಮುಷ್ಕರ ಹೂಡಿದ ಬಳಿಕವೇ ಸ್ವಲ್ಪ ಹೆಚ್ಚಿತು. ಅವರಲ್ಲಿ ನೂರಾರು ಜನರು ಅಲ್ಲಿಯ ಹೆಂಗಸರನ್ನು ಮದುವೆಯಾಗಿ ಮಕ್ಕಳನ್ನು ಪಡೆದಿದ್ದರು. ಯುದ್ಧವು ಮುಗಿದ ಕೂಡಲೆ, ೧೯೪೫ರ ಅಕ್ಟೋಬರ್ ೧೯ರಂದು, ಗೃಹಖಾತೆಯಲ್ಲಿ ಒಂದು ಗುಪ್ತ ಸಭೆ ಕೂಡಿತು. ಚೀನೀ ನಾವಿಕರನ್ನು ಹಿಂದಕ್ಕೆ ಕಳುಹಿಸಬೇಕೆಂದು ಅಲ್ಲಿ ಆಲೋಚಿಸಿದರು. ಮುಂದಣ ತಿಂಗಳುಗಳಲ್ಲಿ ಪೊಲೀಸರು ಬಿಡಾರಗಳನ್ನು ಶೋಧಿಸಿದರು; ದಡದ ಮೇಲೆ ಬೇರೆ ಕೆಲಸ ಸಿಕ್ಕದಂತೆ ಮಾಡಿ, ತಿರುಗಿ ಬಾರದ ಹಡಗುಗಳಿಗೆ ಜನರನ್ನು ಹತ್ತಿಸಿದರು. ಮದುವೆಯಾದವರಿಗೆ ಉಳಿಯುವ ಮಾರ್ಗವಿದ್ದರೂ ಬಹಳ ಮಂದಿಗೆ ಅದನ್ನು ತಿಳಿಸಲಿಲ್ಲ. ಕೆಲಸಕ್ಕೆಂದು ಹೊರಟ ಗಂಡನು ಮರಳಲಿಲ್ಲ. ಹೆಂಡತಿಗೆ ಯಾರೂ ಕಾರಣ ಹೇಳಲಿಲ್ಲ. ಆ ಕಾಲದ ಕಾನೂನಿನಂತೆ ಪರದೇಶೀಯನ ಕೈಹಿಡಿದ ಆಂಗ್ಲ ಸ್ತ್ರೀಯು ಸಾಮಾನ್ಯವಾಗಿ ತನ್ನ ಸ್ವದೇಶದ ಪ್ರಜಾಹಕ್ಕನ್ನೇ ಕಳೆದುಕೊಳ್ಳುತ್ತಿದ್ದಳು. ೧೯೪೯ರ ಆರಂಭದ ವರೆಗೆ ಹೀಗಿತ್ತು. ಆಕೆಯ ಮೊರೆಗೆ ಎಷ್ಟು ಬೆಲೆ ಬಂದೀತು? ತಂದೆಯು ತಮ್ಮನ್ನು ಬಿಟ್ಟು ಓಡಿಹೋದನೆಂದೇ ಮಕ್ಕಳು ನಂಬಿ ಬೆಳೆದರು.

ಐವತ್ತು ವರುಷಗಳಿಗೂ ಮೀರಿದ ಮೇಲೆ, ಸರಕಾರದ ಹಳೆಯ ಕಡತಗಳು ಓದುವವರಿಗೆ ದೊರೆತಾಗ ಮಕ್ಕಳಿಗೆ ನಿಜವು ತಿಳಿಯಿತು. ೨೦೦೬ರಲ್ಲಿ ಲಿವರ್‌ಪೂಲಿನ ಪಿಯರ್ ಹೆಡ್ ಎಂಬ ಹಡಗುಕಟ್ಟೆಯಲ್ಲಿ ಆ ನಾವಿಕರ ನೆನಪಿಗಾಗಿ ಒಂದು ಫಲಕವನ್ನು ಇಟ್ಟರು. ೨೦೨೨ರಲ್ಲಿ ಗೃಹಖಾತೆಯ ವರದಿಯೇ ಬಲಾತ್ಕಾರ ನಡೆದುದನ್ನು ಒಪ್ಪಿತು. ಅಷ್ಟರೊಳಗೆ ಮಕ್ಕಳು ಮುದುಕರಾಗಿದ್ದರು, ಅನೇಕರು ತೀರಿಹೋಗಿದ್ದರು. ಹೀಗಿರುವಲ್ಲಿ, ಕುಣಿಯುವ ಸಿಂಹದ ಮುಂದೆ ಎಂಬತ್ತು ದಾಟಿದ ಮಗಳೊಬ್ಬಳು ಅತ್ತರೆ ಆಶ್ಚರ್ಯವೇನು? ತಂದೆಯ ಭಾಷೆ ಬಾರದು, ಮುಖ ನೆನಪಿಲ್ಲ, ಸಮಾಧಿಯು ಎಲ್ಲಿಯೋ ತಿಳಿಯದು. ತಂದೆಯು ಬಾಲ್ಯದಲ್ಲಿ ಕೇಳಿರಬಹುದಾದ ಡೋಲಿನ ಶಬ್ದವೊಂದನ್ನು ಆಕೆ ತನ್ನ ಕಿವಿಯಿಂದ ಕೇಳಬಹುದು.

ಇಂಥ ದುಃಖವು ಹಳೆಯ ಕಾಲದ್ದು ಮಾತ್ರವೆಂದು ಎಣಿಸಬಾರದು. ೨೦೦೪ರ ಫೆಬ್ರುವರಿ ೫ರ ರಾತ್ರಿ ವಾಯವ್ಯ ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ ಅಲ್ಪ ಕೂಲಿಗಾಗಿ ಚಿಪ್ಪುಮೀನು ಆರಿಸುತ್ತಿದ್ದ ಚೀನೀ ಬಡವರಲ್ಲಿ ಕನಿಷ್ಠ ೨೧ ಮಂದಿ ಉಬ್ಬರದ ನೀರಿನಲ್ಲಿ ಸತ್ತುಹೋದರು. ಆ ದಿನ ಹೊಸ ವರುಷದ ಹದಿನೈದನೆಯ ದಿನ, ದೀಪಗಳ ಹಬ್ಬ. ೨೦೨೦ರಲ್ಲಿ ಮಹಾವ್ಯಾಧಿಯು ಹರಡಿದಾಗ ಬೀದಿಗಳಲ್ಲಿ ಚೀನೀ ಮುಖದವರನ್ನು ಬೈದು ಹೊಡೆದದ್ದೂ ಉಂಟು. ಅದಕ್ಕೆ ಉತ್ತರವೆಂಬಂತೆ ೨೦೨೧ರಿಂದ ಪ್ರತಿ ಸೆಪ್ಟೆಂಬರ್ ತಿಂಗಳನ್ನು ಪೂರ್ವ ಮತ್ತು ಆಗ್ನೇಯ ಏಷ್ಯದ ಜನರ ಪರಂಪರೆಯ ಮಾಸವೆಂದು ಆಚರಿಸುತ್ತಿರುವರು. ಇದರಿಂದ ವಿಯೆಟ್ನಾಮ್, ಮಲೇಶಿಯ, ಕೊರಿಯ ಮೊದಲಾದ ದೇಶಗಳವರೂ ಜೊತೆಗೂಡಿದರು. ಹೊಸ ವರುಷವನ್ನು ಚೀನೀಯರದೆಂದು ಕರೆಯಬೇಕೋ ಚಾಂದ್ರಮಾನದ್ದೆಂದು ಕರೆಯಬೇಕೋ ಎಂಬ ವಾದವೂ ಎದ್ದಿರುವದು. ಒಂದೇ ಹಬ್ಬವನ್ನು ಹಲವು ಜನಾಂಗದವರು ತಮ್ಮದೆನ್ನುವಾಗ ಇಂಥ ವಾದವು ಸಹಜವೇ.

ಉಪಾಧ್ಯಾಯಿನಿಯಾದ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಮೆರವಣಿಗೆಯಲ್ಲ, ಅಲ್ಲಿಯ ವಾರಾಂತ್ಯದ ಶಾಲೆಗಳು. ಊಟದ ಅಂಗಡಿಗಳಲ್ಲಿ ರಾತ್ರಿಯ ವರೆಗೆ ದುಡಿಯುವ ತಾಯಿತಂದೆಗಳಿಗೆ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುವ ಪುರುಸೊತ್ತು ಎಲ್ಲಿಯದು? ಆದುದರಿಂದ ಬಾಡಿಗೆಯ ಕೊಠಡಿಗಳಲ್ಲಿ, ಬಹಳ ಕಡೆ ತಾಯಂದಿರೇ ಸಂಬಳವಿಲ್ಲದೆ ಕಲಿಸುವ ತರಗತಿಗಳು ಹುಟ್ಟಿದವು. ವಾರವೆಲ್ಲ ಇಂಗ್ಲಿಷ್ ಓದಿದ ಮಕ್ಕಳು ರಜೆಯ ದಿನ ಆಟ ಬಿಟ್ಟು ಅಲ್ಲಿಗೆ ಗೊಣಗುತ್ತ ಹೋಗುವರು. ಹಾಂಗ್‌ಕಾಂಗಿನವರ ಮನೆಮಾತು ಕ್ಯಾಂಟನೀಸ್. ಚೀನದ ರಾಜ್ಯಭಾಷೆ ಮ್ಯಾಂಡರಿನ್. ಎರಡರಲ್ಲಿ ಯಾವದನ್ನು ಕಲಿಸಬೇಕೆಂಬ ಚಿಂತೆಯೂ ಉಂಟು. ಒಂದು ಅಜ್ಜಿಯೊಡನೆ ಮಾತಾಡುವದಕ್ಕೆ, ಇನ್ನೊಂದು ಉದ್ಯೋಗಕ್ಕೆ. ಹಬ್ಬ ಬಂದಾಗ ಇದೇ ಮಕ್ಕಳು ವೇದಿಕೆಯ ಮೇಲೆ ಹಾಡುವರು. ಏಪ್ರಿಲ್ ತಿಂಗಳ ಮೊದಲಲ್ಲಿ ಹಿರಿಯರ ಸಮಾಧಿಗಳನ್ನು ಗುಡಿಸಿ ಹೂವಿಡುವ ದಿನ, ಐದನೆಯ ತಿಂಗಳ ಐದನೆಯ ದಿನದ ದೋಣಿಪಂದ್ಯ, ಎಂಟನೆಯ ತಿಂಗಳ ಹುಣ್ಣಿಮೆಯಂದು ಹಂಚಿ ತಿನ್ನುವ ಚಂದ್ರನಾಕಾರದ ಕಡುಬು, ಇವೆಲ್ಲವುಗಳ ಅರ್ಥವನ್ನು ಅವರು ಅಲ್ಲಿಯೇ ಕಲಿಯುವರು. ಈ ತರಗತಿಗಳಿಲ್ಲದೆ ಹೋದರೆ ಹಬ್ಬವು ನೋಟಕರಿಗಾಗಿ ಆಡುವ ಆಟವಾಗಿ ಉಳಿಯುವದು.

ಹಳೆಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿರಿ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರಿಗೂ ಊರಿಗೂ ಒಂದೊಂದು ಮನೆ ಉಂಟು. ನೀವು ಸೇರಿದ ದಿನ ಅದನ್ನು ತುಂಬಿದೆವು. ನಿಮ್ಮ ಮಕ್ಕಳ ಪುಸ್ತಕವೊಂದರ ಮೊದಲ ಪುಟದಲ್ಲಿ ಅಜ್ಜ ಅಜ್ಜಿಯರ ಹೆಸರನ್ನೂ ಊರನ್ನೂ ಅವರ ಕಸುಬನ್ನೂ ಕನ್ನಡದಲ್ಲಿ ಬರೆದು ಕೊಡಿರಿ, ಓದುವದನ್ನೂ ಕಲಿಸಿರಿ. ಹಬ್ಬದ ದಿನ ಮಾಡಿದ ಅಡಿಗೆಗೆ ಆ ಹೆಸರು ಏಕೆ ಬಂತೆಂದು ಹೇಳಿರಿ. ಯಾರೂ ನಿಮ್ಮಿಂದ ಇದನ್ನು ಕಿತ್ತುಕೊಂಡಿಲ್ಲ. ಅಜಾಗ್ರತೆಯಿಂದ ನೀವೇ ಕಳೆದುಕೊಳ್ಳಬೇಡಿರಿ.

ಲಿವರ್‌ಪೂಲಿನ ಹುಡುಗಿಗೆ ನಾವು ಇದನ್ನೆಲ್ಲ ಬರೆದು ಕಳುಹಿಸಿದೆವು. ಬರುವ ವರುಷವೂ ಅದೇ ಬೀದಿಗೆ ಹೋಗುವೆನೆಂದೂ, ಆ ಮುದುಕಿ ಕಾಣಸಿಕ್ಕರೆ ಆಕೆಯ ತಂದೆಯ ಹೆಸರೇನೆಂದು ಮೊದಲು ಕೇಳುವೆನೆಂದೂ ಅವಳು ಉತ್ತರ ಕೊಟ್ಟಿರುವಳು.